ಜರ್ಮನಿಯಲ್ಲಿ ಇಳಿದ ವಿದ್ಯಾರ್ಥಿಗೆ ಮೊದಲ ಕೆಲಸ ಯಾವುದು?

ಪ್ರಶ್ನೆ: ಮಗಳು ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾಳೆ. ಹೋದ ಕೂಡಲೇ ವಿಳಾಸ ನೋಂದಾಯಿಸಬೇಕಂತೆ. ವೀಸಾ ಕೈಯಲ್ಲಿರುವಾಗ ಇದೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಜರ್ಮನಿಯಲ್ಲಿ ನೆಲೆಸುವವರೆಲ್ಲ, ಅಲ್ಲಿಯ ಪ್ರಜೆಗಳೂ ಸೇರಿ, ಹೊಸ ಮನೆ ಹೊಕ್ಕ ಎರಡು ವಾರದೊಳಗೆ ಸ್ಥಳೀಯ ಆಡಳಿತ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಇದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ.

ಮುಂದಿನ ಕೆಲಸಗಳೆಲ್ಲ ಇದರ ಮೇಲೇ ನಿಂತಿವೆ. ವಿದ್ಯಾರ್ಥಿ ವೀಸಾ ಸಾಮಾನ್ಯವಾಗಿ ಕೆಲವೇ ತಿಂಗಳಿನದು. ಅದು ಮುಗಿಯುವ ಮೊದಲು ವಾಸದ ಪರವಾನಗಿಗೆ ಅರ್ಜಿ ಹಾಕಲು ನೋಂದಣಿ ಪತ್ರ ಬೇಕು. ವೀಸಾಕ್ಕೆಂದು ಬ್ಲಾಕ್ಡ್ ಖಾತೆಯಲ್ಲಿ ಇಡುವ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ಅದು ತಿಂಗಳಿಗೆ 992 ಯೂರೊದಂತೆ ಚಾಲ್ತಿ ಖಾತೆಗೆ ಬರುತ್ತದೆ. ಆ ಖಾತೆ ತೆರೆಯಲೂ ಹಲವು ಬ್ಯಾಂಕುಗಳು ಇದೇ ಪತ್ರ ಕೇಳುತ್ತವೆ. ಅರೆಕಾಲಿಕ ಕೆಲಸಕ್ಕೆ ಬೇಕಾದ 11 ಅಂಕಿಗಳ ತೆರಿಗೆ ಸಂಖ್ಯೆ ಬರುವುದೂ ನೋಂದಾಯಿಸಿದ ವಿಳಾಸಕ್ಕೇ, ಅಂಚೆಯಲ್ಲಿ.

ನೋಂದಣಿಗೆ ಪಾಸ್‌ಪೋರ್ಟಿನ ಜೊತೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಮಾತ್ರ ಸಾಲದು. ಹಾಗಾಗಿ ಕೋಣೆ ಹುಡುಕುವಾಗಲೇ ಈ ಪತ್ರ ಕೊಡುತ್ತಾರೆಯೇ ಎಂದು ಮಗಳು ವಿಚಾರಿಸಲಿ. ದೊಡ್ಡ ನಗರಗಳಲ್ಲಿ ಕಚೇರಿಯ ಭೇಟಿಗೆ ಸಮಯ ಸಿಗುವುದು ಕಷ್ಟ. ಸಾಧ್ಯವಾದರೆ ಊರಲ್ಲಿರುವಾಗಲೇ ಆನ್‌ಲೈನಿನಲ್ಲಿ ಕಾಯ್ದಿರಿಸಲಿ. ಮನೆ ಸೇರಿದ ದಿನವೇ ಅಂಚೆಪೆಟ್ಟಿಗೆಯ ಮೇಲೆ ತನ್ನ ಹೆಸರು ಅಂಟಿಸಲಿ. ಹೆಸರು ಕಾಣದಿದ್ದರೆ ಅಂಚೆಯವರು ಪತ್ರವನ್ನು ಕಳಿಸಿದವರಿಗೇ ಮರಳಿಸಬಹುದು. ಬ್ಯಾಂಕು, ವಿಮೆ, ತೆರಿಗೆಯ ಮುಖ್ಯ ಪತ್ರಗಳು ಅಲ್ಲಿ ಇಂದಿಗೂ ಹೆಚ್ಚಾಗಿ ಅಂಚೆಯಲ್ಲೇ ಬರುತ್ತವೆ.