ತೊಲೆಯನ್ನು ಎಲ್ಲಿ ಕೊರೆಯಬೇಕು?

ಕೊಡಗಿನ ಕಕ್ಕಬೆಯ ಸಮೀಪ, ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ, ದೊಡ್ಡ ವೀರರಾಜೇಂದ್ರನು 1792-94ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಈ ಎರಡಂತಸ್ತಿನ ಕಟ್ಟಡವನ್ನೂ ಆ ನಾಡಿನ ಹಳೆಯ ಐನ್‌ಮನೆಗಳನ್ನೂ ಕಂಡವರಿಗೆ ಮರದ ಕಂಬ ತೊಲೆಗಳ ಪರಿಚಯ ಹೊಸದಲ್ಲ. ಅವು ಎದ್ದ ಕಾಲದಲ್ಲಿ ವಿದ್ಯುತ್ತಿನ ತಂತಿಯಿರಲಿಲ್ಲ, ನೀರಿನ ನಲ್ಲಿಯಿರಲಿಲ್ಲ. ಇಂದಿನ ಮನೆಗೆ ಇವೆರಡೂ ಬೇಕು. ದಾರಿಗೆ ತೊಲೆ ಅಡ್ಡ ಬಂದರೆ ಬಡಗಿಯು ಬೈರಿಗೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಎಲ್ಲಿ ಕೊರೆದರೆ ಕ್ಷೇಮ?

ಎರಡು ಗೋಡೆಗಳ ಮೇಲಿರಿಸಿದ ತೊಲೆಯು ಭಾರ ಬಿದ್ದಾಗ ಕೊಂಚ ಬಾಗುತ್ತದೆ. ಆಗ ಮೇಲಂಚಿನ ನಾರುಗಳು ಅದುಮಲ್ಪಡುತ್ತವೆ, ಕೆಳಅಂಚಿನವು ಜಗ್ಗಲ್ಪಡುತ್ತವೆ. ನಡುವೆ ಇವೆರಡೂ ಇಲ್ಲದ ಪದರವೊಂದುಂಟು. ಅದೇ ತಟಸ್ಥ ಪದರ. ತೊಲೆಯ ಬಲವು ಅದರ ಎತ್ತರದ ವರ್ಗವನ್ನು ಅನುಸರಿಸುತ್ತದೆಂದು 1638ರ ತನ್ನ ಗ್ರಂಥದಲ್ಲಿ ಸರಿಯಾಗಿಯೇ ಹೇಳಿದ ಗೆಲಿಲಿಯೋ ಕೂಡ ಈ ಪದರವನ್ನು ಗುರುತಿಸಲಿಲ್ಲ.

24 ಸೆಂಟಿಮೀಟರ್ ಎತ್ತರದ ತೊಲೆಯನ್ನು ತೆಗೆದುಕೊಳ್ಳೋಣ. ಅದರ ನಟ್ಟನಡುವೆ, ಕೆಳಅಂಚಿನಲ್ಲಿ, 6 ಸೆಂಟಿಮೀಟರ್ ಆಳದ ಕಚ್ಚು ಹಾಕಿದರೆ ಉಳಿಯುವ ಎತ್ತರ 18. ಬಲವು ಮುಕ್ಕಾಲಿನ ವರ್ಗಕ್ಕೆ, ಎಂದರೆ 9/16ಕ್ಕೆ ಇಳಿಯಿತು. ನಷ್ಟ ಶೇಕಡಾ 44! ಸಾಲದೆಂಬಂತೆ, ಕಚ್ಚಿನ ಮೂಲೆಯಿಂದ ಬಿರುಕು ಹುಟ್ಟಿ ನಾರಿನ ಗುಂಟ ಹರಿಯುತ್ತದೆ. ಅದೇ 6 ಸೆಂಟಿಮೀಟರಿನ ದುಂಡು ರಂಧ್ರವನ್ನು ತಟಸ್ಥ ಪದರದಲ್ಲಿ ಕೊರೆದರೆ ಬಾಗುವಿಕೆಯ ಬಲದಲ್ಲಿ ನಷ್ಟವಾಗುವುದು ಸುಮಾರು 1/64 ಭಾಗ ಮಾತ್ರ.

ಹಾಗೆಂದು ನಡುಪದರದಲ್ಲಿ ಎಲ್ಲೆಂದರಲ್ಲಿ ಕೊರೆಯಲಾಗದು. ಪುಸ್ತಕವೊಂದನ್ನು ಬಾಗಿಸಿ ನೋಡಿರಿ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ತೊಲೆಯ ಪದರಗಳೂ ಜಾರಲೆಳಸುತ್ತವೆ. ಈ ಜಾರುಬಲವು ತಟಸ್ಥ ಪದರದಲ್ಲಿಯೇ ಅತ್ಯಧಿಕ. ಅದರಲ್ಲೂ ಗೋಡೆಯ ಬಳಿ.

ಈಚಿನ ಕಾರ್ಖಾನೆಯ ತೊಲೆಗಳಲ್ಲಿ ಈ ವಿಚಾರ ಪ್ರಾಣಾಂತಿಕವಾಗಬಲ್ಲದು. ಅಮೆರಿಕದಲ್ಲಿ ಬಹುವಾಗಿ ಬಳಸುವ ಒಂದು ಬಗೆಯದು ಇಂಗ್ಲಿಷಿನ ಐ ಅಕ್ಷರದಂತಿರುತ್ತದೆ: ಮೇಲೆ ಕೆಳಗೆ ಎರಡು ಪಟ್ಟಿಗಳು, ನಡುವೆ ಪ್ಲೈವುಡ್ಡಿನಂತಹ ತೆಳುವಾದ ಹಲಗೆ. ಬಾಗುವಿಕೆಯನ್ನು ತಡೆಯುವವು ಪಟ್ಟಿಗಳು, ಜಾರುವಿಕೆಯನ್ನು ತಡೆಯುವುದು ಹಲಗೆ. ಇಡೀ ಮರದ ತೊಲೆಯಲ್ಲಿರುವಂತೆ ಇಲ್ಲಿ ಬಿಡುವಿನ ಮರವಿಲ್ಲ. ಆದುದರಿಂದ ಪಟ್ಟಿಗೆ ಗರಗಸವನ್ನು ಸೋಕಿಸಲೇಬಾರದು; ಹಲಗೆಯಲ್ಲಿ ದೊಡ್ಡ ರಂಧ್ರವನ್ನು ಗೋಡೆಯಿಂದ ದೂರದಲ್ಲಿ, ತಯಾರಕರ ಕೋಷ್ಟಕದಂತೆಯೇ ಕೊರೆಯಬೇಕು. ತೊಡಕೆಂದರೆ, ಬಚ್ಚಲಿನ ದಪ್ಪ ಕೊಳವೆ ಇಳಿಯುವುದು ಸಾಮಾನ್ಯವಾಗಿ ಗೋಡೆಯ ಪಕ್ಕದಲ್ಲಿಯೇ. ಅಲ್ಲಿ ಕೋಷ್ಟಕವು ಒಪ್ಪದಿದ್ದರೆ ಕೊಳವೆಯ ದಾರಿಯನ್ನೇ ಬದಲಿಸಬೇಕಾಗುತ್ತದೆ.