ಬೆಟ್ಟವನ್ನು ಬೋರಲು ಹಾಕಿದಂಥ ಗಣಿ

ಠಾಕುರ್ಲಿಯ ಹಳಬರಿಗೆ ಚೋಳಾ ಪವರ್ ಹೌಸ್ ಇನ್ನೂ ನೆನಪಿದೆ. ಮುಂಬಯಿಯ ಲೋಕಲ್ ರೈಲುಗಳಿಗೆ ಕರೆಂಟು ಕೊಡಲೆಂದು 1929ರಲ್ಲಿ ಶುರುವಾದ ಅದು 1980ರ ದಶಕದ ಕೊನೆಯ ಹೊತ್ತಿಗೆ ನಿಂತಿತು. ಅಲ್ಲಿ ಉರಿದ ಕಲ್ಲಿದ್ದಲೆಲ್ಲ ದೂರದಿಂದ ಬಂದದ್ದು. ಡೊಂಬಿವ್ಲಿ, ಠಾಣೆಯ ನೆಲದಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಮಹಾರಾಷ್ಟ್ರದ ಕಲ್ಲಿದ್ದಲು ಅದಕ್ಕಿಂತ ಎಷ್ಟೋ ಹಳೆಯ ಪದರಗಳಲ್ಲಿ, ಚಂದ್ರಾಪುರ, ನಾಗಪುರದ ಕಡೆ ಇದೆ.

ಆದರೂ ಕಲ್ಲಿದ್ದಲಿನ ತೆರೆದ ಗಣಿಯ ಕೆಲಸ ಹೇಗಿರುತ್ತದೆಂದು ನಮ್ಮ ಕಡೆಯವರು ಕಣ್ಣಾರೆ ಕಂಡಿದ್ದಾರೆ. ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಸುಮಾರು 90 ಮೀಟರ್ ಎತ್ತರದ ಉಲ್ವೆ ಬೆಟ್ಟವನ್ನು ಕಡಿದು ಸಮ ಮಾಡಿದಾಗ ನಡೆದದ್ದು ಅದೇ ವಿದ್ಯೆ. ಹತ್ತು ಹಳ್ಳಿಗಳ ಜನ ಮನೆ ಬಿಟ್ಟು ಏಳಬೇಕಾಯಿತೆಂಬುದನ್ನು ಮರೆತು ಈ ವಿದ್ಯೆಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ಬೆಟ್ಟದಲ್ಲೂ ಗಣಿಯಲ್ಲೂ ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಒಂದೊಂದು ಮೆಟ್ಟಿಲೂ ಒಂದು ಬೆಂಚು. ಬೆಂಚಿನ ಅಂಚಿಗೆ ಸಾಲಾಗಿ ಕುಳಿ ಕೊರೆದು, ಮದ್ದು ತುಂಬಿ, ಬಾಯಿಗೆ ಕೊರೆದ ಪುಡಿಯನ್ನೇ ಜಡಿಯುತ್ತಾರೆ. ಅಮೋನಿಯಂ ನೈಟ್ರೇಟ್ 94 ಪಾಲು, ಡೀಸೆಲ್ 6 ಪಾಲು ಬೆರೆಸಿದ ಮದ್ದು ಅಗ್ಗ. ಆದರೆ ನೀರು ತಾಗಿದರೆ ಕೆಡುತ್ತದೆ, ಹಸಿ ಕುಳಿಗೆ ಬೇರೆ ಮದ್ದೇ ಬೇಕು. ಸೈರನ್ ಕೂಗಿದ ಮೇಲೆ ನಮಗೆ ಕೇಳುವುದು ಒಂದೇ ಗುಡುಗು. ನಿಜಕ್ಕೂ ಕುಳಿಗಳು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಅಂತರದಲ್ಲಿ ಒಂದರ ಹಿಂದೊಂದು ಸಿಡಿದಿರುತ್ತವೆ. ಮುಂದಿನ ಸಾಲು ಜರುಗಿದರೆ ಹಿಂದಿನದಕ್ಕೆ ಒಡೆದುಕೊಳ್ಳಲು ಜಾಗ ಸಿಗುತ್ತದೆ. ಎಲ್ಲ ಒಟ್ಟಿಗೆ ಸಿಡಿದರೆ ಕಂಪನ ಊರಿನ ಗೋಡೆಗಳನ್ನು ಮುಟ್ಟುತ್ತದೆ.

ಇಲ್ಲಿಂದ ಮುಂದೆ ಬೆಟ್ಟಕ್ಕೂ ಗಣಿಗೂ ದಾರಿ ತಿರುವುಮುರುವು. ಬೆಟ್ಟದಲ್ಲಿ ತುಂಬಿದ ಲಾರಿ ಇಳಿಯುತ್ತದೆ, ಖಾಲಿ ಲಾರಿ ಏರುತ್ತದೆ. ಕಲ್ಲಿದ್ದಲು ಗಣಿ ಬೋರಲು ಹಾಕಿದ ಬೆಟ್ಟ: ತುಂಬಿದ ಡಂಪರ್ ತಳದಿಂದ ಸುತ್ತು ರಸ್ತೆ ಹಿಡಿದು ಮೇಲೆ ಬರಬೇಕು. ನಮ್ಮ ಬಿಇಎಂಎಲ್ ಮೈಸೂರಿನಲ್ಲಿ ಕಟ್ಟುವ 205 ಟನ್ ಹೊರುವ ಡಂಪರ್ ಇಂಥ ಏರಿಗೆ ಹೇಳಿ ಮಾಡಿಸಿದ್ದು. ಅದರ ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಕಲ್ಯಾಣದ ಲೋಕೋ ಶೆಡ್ಡಿನ ಡೀಸೆಲ್ ಎಂಜಿನ್‌ಗಳ ಹಾಗೆ ಕರೆಂಟು ಹುಟ್ಟಿಸಿ, ಮೋಟಾರಿನಿಂದ ಚಕ್ರ ನಡೆಸುತ್ತದೆ. ಇಳಿಯುವಾಗ ಅದೇ ಮೋಟಾರು ಜನರೇಟರ್ ಆಗಿ ವೇಗಕ್ಕೆ ಕಡಿವಾಣ ಹಾಕುತ್ತದೆ.

ನೀರಿನದೂ ಅದೇ ಕತೆ. ಬೆಟ್ಟದ ಮಳೆ ತಾನಾಗಿ ಹರಿದು ಹೋಗುತ್ತದೆ. ಗಣಿಗೆ ಬಿದ್ದದ್ದು ತಳದ ಸಂಪಿಗೆ ಇಳಿಯುತ್ತದೆ, ಪಂಪು ನಿಂತರೆ ಕಲ್ಲಿದ್ದಲೇ ಮುಳುಗುತ್ತದೆ.

ಉಲ್ವೆಯ ಕಲ್ಲು ಬೇಕಾದ ಸರಕು. ಪಕ್ಕದ ಜೌಗು ನೆಲವನ್ನು ಎತ್ತರಿಸಲು ಅದನ್ನೇ ಸುರಿದರು. ಗಣಿಯಲ್ಲಿ ಕಲ್ಲಿದ್ದಲಿನ ಮೇಲಿನ ಮಣ್ಣು, ಮರಳುಗಲ್ಲು ಯಾರಿಗೂ ಬೇಡದ ಹೊರೆ. ಗಣಿಯವರು ಅದನ್ನು ಓಬಿ ಎನ್ನುತ್ತಾರೆ. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನ ಮೀಟರ್ ಓಬಿ ಎತ್ತಬೇಕು ಎಂಬ ಲೆಕ್ಕದ ಮೇಲೆಯೇ ಗಣಿಯ ಅಳಿವು ಉಳಿವು. ಸಿಂಗ್ರೌಲಿಯ ಕಲ್ಲಿದ್ದಲು ಗಣಿಗಳಲ್ಲಿ 96 ಮೀಟರ್ ಉದ್ದದ ತೋಳು ಚಾಚಿ ಒಂದೇ ಬೊಗಸೆಗೆ 24 ಘನ ಮೀಟರ್ ಬಾಚುವ ಡ್ರ್ಯಾಗ್‌ಲೈನ್ ಯಂತ್ರಗಳು ದುಡಿಯುವುದು ಈ ಹೊರೆಗಾಗಿಯೇ.

ಮೊದಮೊದಲು ಓಬಿಯನ್ನು ಹೊರಗೆ ಗುಡ್ಡೆ ಹಾಕುತ್ತಾರೆ. ಕಲ್ಲಿದ್ದಲು ತೆಗೆದು ಒಂದು ಕಡೆ ಖಾಲಿಯಾದ ಮೇಲೆ ಅದೇ ಹಳ್ಳಕ್ಕೆ ಸುರಿಯುತ್ತ ಮುಂದೆ ಸಾಗುತ್ತಾರೆ. ಗಣಿ ಒಂದೇ ಕಡೆ ನಿಲ್ಲದೆ ನೆಲದ ಮೇಲೆ ನಿಧಾನಕ್ಕೆ ನಡೆಯುತ್ತದೆ. ಒಡೆದ ಕಲ್ಲು ಉಬ್ಬಿ ಹೆಚ್ಚು ಜಾಗ ಬೇಡುವುದರಿಂದ ತುಂಬಿದ ಕಡೆ ನೆಲ ಮೊದಲಿಗಿಂತ ಎತ್ತರವಾಗುವುದುಂಟು. ಕಟ್ಟಕಡೆಯ ಹಳ್ಳಕ್ಕೆ ಮಾತ್ರ, ಹೊರಗಿನ ಗುಡ್ಡೆಯನ್ನು ಮತ್ತೆ ಹೊತ್ತು ತರದಿದ್ದರೆ, ತುಂಬಲು ಏನೂ ಉಳಿದಿರುವುದಿಲ್ಲ. ಪಂಪು ನಿಲ್ಲಿಸಿದ ಮೇಲೆ ಅಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ನೀರು ಏರುತ್ತದೆ.