ಕಬ್ಬಿನ ಕಸದಿಂದ ಗಾಯಕ್ಕೆ ಹೊದಿಕೆ

ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಉಳಿಯುತ್ತದೆ. ಕಾರ್ಖಾನೆಯಲ್ಲಿ ಸಿಪ್ಪೆ, ಕಾಕಂಬಿ ಉಳಿಯುತ್ತವೆ. ರವದಿಗೆ ಬೆಂಕಿ ಹಚ್ಚಿದರೆ ಆ ಹೊಗೆ ದಮ್ಮು ಇರುವವರನ್ನು ಬಹಳ ಕಾಡುತ್ತದೆ. ಇಂಥ ಕಸದಿಂದಲೇ ಸುಟ್ಟಗಾಯಕ್ಕೆ ಹೊದಿಸುವ ಪದರವನ್ನು ಪಡೆಯಲು ಸಾಧ್ಯ ಎಂದರೆ ನಿಮಗೆ ಅಚ್ಚರಿಯಾದೀತು.

ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಓಡುವ ಹತ್ತಿ ನೂಲು ಬಹುಪಾಲು ಸೆಲ್ಯುಲೋಸ್. ಗಿಡಗಳಂತೆ ಕೆಲವು ಬ್ಯಾಕ್ಟೀರಿಯಾಗಳೂ ಇದನ್ನು ತಯಾರಿಸುತ್ತವೆ. ವಿನಿಗರ್ ಮೇಲೆ ಕಟ್ಟುವ ಕೆನೆಯಂಥ ಪದರ ಸೆಲ್ಯುಲೋಸ್ ಎಂದು ಬ್ರಿಟನ್ನಿನ ಏಡ್ರಿಯನ್ ಬ್ರೌನ್ 1886ರಲ್ಲಿ ತೋರಿಸಿದರು. ಫಿಲಿಪೀನ್ಸ್‌ನಲ್ಲಿ ತೆಂಗಿನಕಾಯಿ ನೀರಿನಲ್ಲಿ ಇದನ್ನೇ ಬೆಳೆಸಿ ಸಿಹಿತಿನಿಸು ಮಾಡುತ್ತಾರೆ.

ಈ ಬ್ಯಾಕ್ಟೀರಿಯಾಗಳಿಗೆ ಬೇಕಾದುದು ಸಕ್ಕರೆ. ಕಾಕಂಬಿಯಲ್ಲಿ ಅದು ಸಿದ್ಧವಾಗಿಯೇ ಇದೆ. ರವದಿ, ಸಿಪ್ಪೆಗಳನ್ನಾದರೆ ಮೊದಲು ಆಮ್ಲ ಅಥವಾ ಕಿಣ್ವಗಳಿಂದ ಒಡೆದು ಸಕ್ಕರೆಯಾಗಿಸಬೇಕು. ಆಗ ಹುಟ್ಟುವ ಹಾನಿಕಾರಕ ವಸ್ತುಗಳನ್ನು ತೆಗೆಯಬೇಕು. ಈ ದ್ರಾವಣವನ್ನು ಅಗಲವಾದ ತಟ್ಟೆಗಳಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗಾಳಿಯಾಡುವಂತೆ ಇಟ್ಟರೆ ಒಂದೆರಡು ವಾರಗಳಲ್ಲಿ ಪದರ ಕಟ್ಟುತ್ತದೆ. ಅದನ್ನು ತಿಳಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಾಯಿಸಿ, ಚೆನ್ನಾಗಿ ತೊಳೆದು, ಕ್ರಿಮಿಶುದ್ಧಿ ಮಾಡುತ್ತಾರೆ.

ಹಸಿ ಪದರದ ತೂಕದಲ್ಲಿ ಶೇಕಡಾ 99ರವರೆಗೂ ನೀರೇ ಇರುತ್ತದೆ. ಆದ್ದರಿಂದ ಗಾಯ ಒಣಗಿ ಬಿರಿಯುವುದಿಲ್ಲ. ಗಾಜ್ ಬಟ್ಟೆ ಅಂಟಿಕೊಂಡರೆ ಬಿಡಿಸುವಾಗ ಹೊಸ ಚರ್ಮವೂ ಕಿತ್ತುಬರುತ್ತದೆ. ಈ ಪದರದಿಂದ ಆ ನೋವು ಕಡಿಮೆ. ಇದನ್ನು ತಾತ್ಕಾಲಿಕ ಚರ್ಮದಂತೆ ಬಳಸಿದ ಅನುಭವವನ್ನು ಬ್ರೆಜಿಲ್ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಆದರೆ ಪದರ ತಾನಾಗಿ ರೋಗಾಣುಗಳನ್ನು ಕೊಲ್ಲುವುದಿಲ್ಲ. ಕೀವು ತುಂಬಿದ ಗಾಯಕ್ಕೆ ಔಷಧಿ ಬೇಕೇಬೇಕು. ಆಳವಾದ ಸುಟ್ಟಗಾಯಕ್ಕೆ ಚರ್ಮ ಕಸಿ ಬೇಕಾಗಬಹುದು.

ಕೃಷಿ ತ್ಯಾಜ್ಯದಿಂದ ಇದನ್ನು ತಯಾರಿಸುವ ಕೆಲಸ ಬಹುಮಟ್ಟಿಗೆ ಪ್ರಯೋಗಾಲಯದ ಹಂತದಲ್ಲಿಯೇ ಇದೆ. ಮನೆಯ ಪಾತ್ರೆಯಲ್ಲಿ ಬೆಳೆಸಿದ ಪದರವನ್ನು ಎಂದಿಗೂ ಗಾಯಕ್ಕೆ ಹಾಕಬೇಡಿ. ಅದರಲ್ಲಿ ಬೇರೆ ರೋಗಾಣುಗಳೂ ಬೆಳೆದಿರಬಹುದು.

ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದರೆ, ಅಡುಗೆಮನೆಯಲ್ಲಿ ಬಿಸಿನೀರು ಚೆಲ್ಲಿದರೆ, ನೀವು ಮಾಡಬೇಕಾದ್ದು ಇಷ್ಟು: ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿ. ಬಾವು ಬರುವ ಮುನ್ನ ಬಳೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಮಂಜುಗಡ್ಡೆ, ಶಾಯಿ, ಟೂತ್‌ಪೇಸ್ಟ್, ಅರಿಶಿನ, ತುಪ್ಪ ಬೇಡ. ಗುಳ್ಳೆ ಒಡೆಯಬೇಡಿ. ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಮುಖ, ಕೈ, ಕೀಲು ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಸುಟ್ಟಿರುವುದು ಮಗುವಿಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡಿ. ಅದು ಮಣ್ಣಿನ ತೇವ ಕಾಯ್ದು, ಕೊಳೆತು ಗೊಬ್ಬರವಾಗುತ್ತದೆ. ಊರಿನ ಗಾಳಿಯೂ ಶುದ್ಧವಾಗಿರುತ್ತದೆ.